ಈ ಹಾಡು ಯಾವ ಸ್ವರಗಳಲ್ಲಿದೆ? ಜಗತ್ತಿನ ಜನಪದ ಹಾಡುಗಳ ಸ್ವರಸಾಲು ಹಿಡಿಯುವ ಕ್ರಮ

ಜನಪದ ಹಾಡೊಂದರ ರೆಕಾರ್ಡಿಂಗ್ ಕಳಿಸಿ "ಇದು ಯಾವ ರಾಗ, ಸ್ವಲ್ಪ ಹೇಳ್ತೀರಾ?" ಅಂತ ಕೇಳುವ ಓದುಗರು ತುಂಬಾ ಜನ. ಕೆಲವರು ಕಳಿಸುವುದು ನಮ್ಮ ಕಡೆಯ ಸೋಬಾನೆ ಪದ, ಬೀಸುವ ಪದ. ಇನ್ನು ಕೆಲವರದ್ದು ಚೀನಾದ್ದು, ಸ್ಕಾಟ್ಲೆಂಡಿನದು, ಇಥಿಯೋಪಿಯಾದ್ದು. "ಚೀನಾದ ಹಾಡು ಥೇಟ್ ಮೋಹನ ರಾಗದ ಹಾಗೆ ಕೇಳಿಸುತ್ತೆ, ಅದು ಹೇಗೆ?" ಅನ್ನುವ ಪ್ರಶ್ನೆಯೂ ಮತ್ತೆ ಮತ್ತೆ ಬರುತ್ತದೆ. ಒಬ್ಬೊಬ್ಬರಿಗೂ ಉತ್ತರ ಬರೆಯುವುದಕ್ಕಿಂತ, ನೀವೇ ಕೂತು ಹಾಡಿನ ಸ್ವರಗಳನ್ನು ಕಂಡುಹಿಡಿಯುವ ಕ್ರಮವನ್ನು ಇಲ್ಲಿ ಪೂರ್ತಿಯಾಗಿ ಬರೆದಿದ್ದೇನೆ.

ನಿಮಗೆ ಹಾರ್ಮೋನಿಯಂ ಅಥವಾ ಕೀಬೋರ್ಡ್ ಮೇಲೆ ಸರಳೆ ವರಸೆ ನುಡಿಸುವಷ್ಟು ಬಂದರೆ ಸಾಕು. ಹಿಂದುಸ್ತಾನಿ ಕಲಿತವರಿಗೂ ಕರ್ನಾಟಕ ಸಂಗೀತ ಕಲಿತವರಿಗೂ ಇದು ಒಂದೇ.

ಶುರು ಮಾಡುವ ಮೊದಲು ಕೆಲವು ಪದಗಳು

ಸ್ವರಸಾಲು ಅಂದರೆ ಒಂದು ಹಾಡು ಬಳಸುವ ಸ್ವರಗಳನ್ನು ಕೆಳಗಿನಿಂದ ಮೇಲಕ್ಕೆ ಜೋಡಿಸಿದ ಪಟ್ಟಿ. ಸ್ಕೇಲ್ ಅನ್ನುವುದು ಇದನ್ನೇ. ರಾಗ ಇದಕ್ಕಿಂತ ದೊಡ್ಡದು. ಯಾವ ಸ್ವರದ ಮೇಲೆ ನಿಲ್ಲಬೇಕು, ಯಾವುದನ್ನು ಅಲುಗಿಸಬೇಕು, ಎಲ್ಲಿ ಬಳಸಿ ಹೋಗಬೇಕು ಎಂಬುದೆಲ್ಲ ರಾಗಕ್ಕೆ ಸೇರಿದ್ದು. ನಾವು ಇಲ್ಲಿ ಹುಡುಕುವುದು ಸ್ವರಸಾಲನ್ನು. ರಾಗದ ಹೆಸರನ್ನು ಗುರುತಿಗಾಗಿ ಮಾತ್ರ ಬಳಸುತ್ತೇವೆ.

ಮನೆ ಅಂದರೆ ಹಾರ್ಮೋನಿಯಂನ ಒಂದು ಕೀಲಿ. ಬಿಳಿ ಒಂದು, ಕಪ್ಪು ಒಂದು ಅಂತ ಯಕ್ಷಗಾನದವರೂ ಭಜನೆ ಮಂಡಳಿಯವರೂ ಎಣಿಸುವ ಹಾಗೆಯೇ ನಾನೂ ಎಣಿಸುತ್ತೇನೆ. ಜೋಡಿ ಕಪ್ಪು ಮನೆಗಳ ಎಡಕ್ಕಿರುವ ಬಿಳಿ ಮನೆಯೇ ಬಿಳಿ ಒಂದು, ಅದರ ಬಲಕ್ಕಿರುವ ಕಪ್ಪು ಮನೆ ಕಪ್ಪು ಒಂದು. ಒಂದು ಸ್ಥಾಯಿಯಲ್ಲಿ, ಅಂದರೆ ಸ ದಿಂದ ಮೇಲಿನ ಸ ಮುಟ್ಟುವ ಮೊದಲು, 12 ಮನೆಗಳು. ಸ ದಿಂದ ಹೊರಟರೆ ಕ್ರಮವಾಗಿ ಸ, ರಿ1, ರಿ2, ಗ2, ಗ3, ಮ1, ಮ2, ಪ, ದ1, ದ2, ನಿ2, ನಿ3. ಹಿಂದುಸ್ತಾನಿಯವರು ರಿ1, ಗ2, ದ1, ನಿ2 ಗಳನ್ನು ಕೋಮಲ ಅಂತಲೂ ಮ2 ವನ್ನು ತೀವ್ರ ಅಂತಲೂ ಓದಿಕೊಳ್ಳಿ. ರಿ3, ಗ1, ದ3, ನಿ1 ಇವೇ ಮನೆಗಳಿಗಿರುವ ಬೇರೆ ಹೆಸರುಗಳು. ಅವುಗಳ ಗೊಡವೆ ಇಲ್ಲಿ ಬೇಡ.

ಸೆಂಟ್ ಅಂದರೆ ಸ್ವರಗಳ ನಡುವಿನ ದೂರ ಅಳೆಯುವ ಮಾನ. ಒಂದು ಮನೆಯಿಂದ ಪಕ್ಕದ ಮನೆಗೆ 100 ಸೆಂಟ್. ಒಂದು ಸ್ಥಾಯಿಗೆ 1200. ಈ ಅಳತೆಯನ್ನು ಬಳಕೆಗೆ ತಂದವರು ಇಂಗ್ಲೆಂಡಿನ ಅಲೆಕ್ಸಾಂಡರ್ ಎಲ್ಲಿಸ್. ಬೇರೆ ಬೇರೆ ದೇಶಗಳ ವಾದ್ಯಗಳನ್ನು ಅಳೆದು 1885ರಲ್ಲಿ ಅವರು ಪ್ರಕಟಿಸಿದ ಬರಹದ ತಾತ್ಪರ್ಯ ಇಷ್ಟು: ಜಗತ್ತಿಗೆಲ್ಲ ಒಂದೇ ಸಹಜ ಸ್ವರಸಾಲು ಅಂತ ಇಲ್ಲ, ಊರೂರಿಗೂ ಬೇರೆ ಬೇರೆ ಇವೆ. ಮುಂದಿನ ಹಂತಗಳಲ್ಲೆಲ್ಲ ಈ ಮಾತು ನೆನಪಿರಲಿ.

ಏನೇನು ಬೇಕು?

ಹಾರ್ಮೋನಿಯಂ ಅಥವಾ ಕೀಬೋರ್ಡ್. ಎರಡೂ ಇಲ್ಲದಿದ್ದರೆ ಮೊಬೈಲಿನ ಪಿಯಾನೋ ಆ್ಯಪ್ ಆಗುತ್ತದೆ. ಒಂದು ತಂಬೂರಿ ಆ್ಯಪ್. ಸೆಂಟ್ ತೋರಿಸುವ ಒಂದು ಟ್ಯೂನರ್ ಆ್ಯಪ್. ಕಿವಿಗೆ ಹಾಕಿಕೊಳ್ಳುವ ಹೆಡ್‌ಫೋನ್. ಒಂದು ನೋಟ್‌ಬುಕ್, ಪೆನ್ಸಿಲ್. ಕಂಪ್ಯೂಟರ್ ಇದ್ದರೆ ಅದರಲ್ಲಿ ಅಡಾಸಿಟಿ ಹಾಕಿಕೊಳ್ಳಿ. ಉಚಿತವಾಗಿ ಸಿಗುವ ತಂತ್ರಾಂಶ, ಹಾಡಿನ ತುಣುಕು ಕತ್ತರಿಸಲು, ನಿಧಾನ ಮಾಡಲು, ಶ್ರುತಿ ಏರಿಳಿಸಲು ಅನುಕೂಲ.

ಹಂತ 1: ಸರಿಯಾದ ರೆಕಾರ್ಡಿಂಗ್ ಆರಿಸಿಕೊಳ್ಳಿ

ಅರ್ಧ ಕೆಲಸ ಇಲ್ಲೇ ಕೆಡುವುದು. ಯೂಟ್ಯೂಬಿನಲ್ಲಿ ಮೊದಲು ಸಿಗುವುದು ಸಾಮಾನ್ಯವಾಗಿ ಸ್ಟುಡಿಯೋದಲ್ಲಿ ಹೊಸದಾಗಿ ಕಟ್ಟಿದ ಹಾಡು. ಹಿನ್ನೆಲೆಗೆ ಕೀಬೋರ್ಡ್ ಸೇರಿಸಿರುತ್ತಾರೆ, ಗಿಟಾರಿನ ಕಾರ್ಡ್ ಹಾಕಿರುತ್ತಾರೆ. ಕಾರ್ಡ್ ಅಂದರೆ ಒಟ್ಟಿಗೆ ಒತ್ತುವ ಮೂರು ನಾಲ್ಕು ಸ್ವರಗಳ ಗೊಂಚಲು. ಹಾಡಿನಲ್ಲಿ ಇಲ್ಲದ ಸ್ವರಗಳು ಅದರಿಂದ ಕಿವಿಗೆ ಬೀಳುತ್ತವೆ. ಕೆಲವೊಮ್ಮೆ ಹಾಡುವವರ ಧ್ವನಿಯನ್ನೇ ತಂತ್ರಾಂಶದಲ್ಲಿ 12 ಮನೆಗಳಿಗೆ ಕೂರಿಸಿರುತ್ತಾರೆ. ಅಂಥ ರೆಕಾರ್ಡಿಂಗಿನಲ್ಲಿ ಹುಡುಕಬೇಕಾದ ವಿಷಯವೇ ಅಳಿಸಿಹೋಗಿರುತ್ತದೆ.

ಒಬ್ಬರೇ ಹಾಡಿದ್ದು, ಅಥವಾ ಒಂದು ಧ್ವನಿ ಮತ್ತು ಒಂದು ವಾದ್ಯ ಇರುವುದು ಒಳ್ಳೆಯದು. ಅಮೆರಿಕದ ಜನಪದ ಸಂಗ್ರಾಹಕ ಅಲನ್ ಲೋಮ್ಯಾಕ್ಸ್ ಹಲವು ದೇಶಗಳಲ್ಲಿ ಧ್ವನಿಮುದ್ರಿಸಿದ ಸಾವಿರಾರು ಹಾಡುಗಳು ಈಗ ಆನ್‌ಲೈನಿನಲ್ಲಿ ಉಚಿತವಾಗಿ ಕೇಳಲು ಸಿಗುತ್ತವೆ. 1948ರಲ್ಲಿ ಶುರುವಾದ ಫೋಕ್‌ವೇಸ್ ಸಂಸ್ಥೆಯ ಧ್ವನಿಮುದ್ರಿಕೆಗಳು ಈಗ ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ಕೈಯಲ್ಲಿವೆ. ಊರು, ಹಾಡಿದವರು, ವಾದ್ಯ ಎಲ್ಲದರ ವಿವರ ಜೊತೆಗೇ ಇರುತ್ತದೆ. ಆ ವಿವರವನ್ನು ಓದದೆ ಮುಂದೆ ಹೋಗಬೇಡಿ.

ನಿಮ್ಮ ಅಜ್ಜಿಯದೋ ಊರಿನ ಹಾಡುಗಾರರದೋ ಹಾಡನ್ನು ನೀವೇ ಮುದ್ರಿಸುವುದಾದರೆ ಮೊದಲು ಒಪ್ಪಿಗೆ ಕೇಳಿ. ಫ್ಯಾನ್ ಆರಿಸಿ. ಫೋನನ್ನು ಒಂದು ಮೊಳ ದೂರದಲ್ಲಿಡಿ. "ಈ ಶ್ರುತಿಗೆ ಹಾಡಿ" ಅಂತ ಹಾರ್ಮೋನಿಯಂ ಒತ್ತಿ ಕೂರಬೇಡಿ. ಅವರ ಗಂಟಲಿಗೆ ಎಲ್ಲಿ ಹಿತವೋ ಅಲ್ಲೇ ಹಾಡಲಿ.

ಹಂತ 2: ಸ ಎಲ್ಲಿದೆ ಅಂತ ಹುಡುಕಿ

ಇದು ಎಲ್ಲಕ್ಕಿಂತ ಮುಖ್ಯವಾದ ಹಂತ. ಸ ತಪ್ಪಿದರೆ ಮುಂದಿನದ್ದೆಲ್ಲ ತಪ್ಪು. ಹಾಗಾಗಿ ಇಲ್ಲಿ ಅವಸರ ಬೇಡ. ಸ ಅಂದರೆ ಹಾಡು ಮತ್ತೆ ಮತ್ತೆ ಬಂದು ಕೂರುವ ಜಾಗ, ಆಧಾರ ಸ್ವರ.

ಹಾಡನ್ನು ಮೂರು ನಾಲ್ಕು ಸಲ ಸುಮ್ನೆ ಕೇಳಿ. ವಾದ್ಯ ಮುಟ್ಟಬೇಡಿ. ಆಮೇಲೆ ಜೊತೆಗೆ ಗುನುಗಿ. ಈಗ ಒಂದು ನುಡಿಯ ನಡುವೆ ಹಾಡನ್ನು ನಿಲ್ಲಿಸಿ, ನೀವೇ ಅದನ್ನು ಮುಗಿಸಿ ನೋಡಿ. ಎಲ್ಲಿ ಬಂದು ನಿಂತಾಗ "ಮುಗೀತು" ಅನ್ನಿಸುತ್ತದೋ ಆ ಸ್ವರವನ್ನು ಎಳೆದು ಹಿಡಿದುಕೊಳ್ಳಿ. ಅದನ್ನು ವಾದ್ಯದ ಮೇಲೆ ಹುಡುಕಿ. ಅದೇ ನಿಮ್ಮ ಮೊದಲ ಊಹೆ.

ಊಹೆ ಸರಿಯೋ ಇಲ್ಲವೋ ನೋಡಲು ತಂಬೂರಿ ಆ್ಯಪನ್ನು ಆ ಶ್ರುತಿಗೆ ಇಟ್ಟು, ಮೆಲ್ಲಗೆ ಹಾಕಿ, ಮೇಲೆ ಹಾಡನ್ನು ಕೇಳಿಸಿ. ಸರಿ ಇದ್ದರೆ ಎರಡೂ ಒಂದರಲ್ಲೊಂದು ಕೂತುಬಿಡುತ್ತವೆ. ತಪ್ಪಿದ್ದರೆ ಪ್ರತಿ ನುಡಿಯ ಕೊನೆಯಲ್ಲೂ ಕಿರಿಕಿರಿ ಆಗುತ್ತದೆ. ಆಗ ಊಹೆಯ ಸ್ವರದಿಂದ ಐದು ಮನೆ ಮೇಲೆ, ಐದು ಮನೆ ಕೆಳಗೆ ಇಟ್ಟು ನೋಡಿ. ಜನ ಹೆಚ್ಚಾಗಿ ಜಾರುವುದು ಈ ಎರಡು ಜಾಗಗಳಿಗೇ, ಅಂದರೆ ಸ ಮತ್ತು ಪ ಅಥವಾ ಸ ಮತ್ತು ಮ ಅದಲುಬದಲಾಗುತ್ತವೆ.

ಇಲ್ಲಿ ಎಡವುವ ಜಾಗಗಳು ನಾಲ್ಕಿವೆ.

ಹಾಡಿನ ಮೊದಲ ಸ್ವರವೇ ಸ ಅಂತ ತಿಳಿಯುವುದು. ಎಷ್ಟೋ ಹಾಡು ಕೆಳಗಿನ ಪ ದಿಂದ ಏಳುತ್ತವೆ.

ಕೊನೆಯ ಸ್ವರವೇ ಸ ಅಂತ ತಿಳಿಯುವುದು. ಬಹಳ ಸಲ ಅದು ನಿಜ, ಆದರೆ ಯಾವಾಗಲೂ ಅಲ್ಲ. ನುಡಿಯನ್ನು ಮುಗಿಸದೆ ಪಲ್ಲವಿಗೆ ಎತ್ತಿಕೊಡುವ ಹಾಡುಗಳಲ್ಲಿ ಕೊನೆಯ ಸ್ವರ ರಿ ಆಗಬಹುದು, ಪ ಆಗಬಹುದು.

ಅತಿ ಕೆಳಗಿನ ಸ್ವರವೇ ಸ ಅಂತ ತಿಳಿಯುವುದು. ಕರ್ನಾಟಕ ಸಂಗೀತದಲ್ಲೇ ಪುನ್ನಾಗವರಾಳಿ, ನಾದನಾಮಕ್ರಿಯೆ, ಕುರಂಜಿ ರಾಗಗಳನ್ನು ನೋಡಿ. ಕೆಳಗಿನ ನಿಷಾದದಿಂದ ಹೊರಟು ಮೇಲಿನ ಸ ವನ್ನು ಮುಟ್ಟದೆ ತಿರುಗುತ್ತವೆ. ನವರೋಜು ಕೆಳಗಿನ ಪ ದಿಂದ ನಡುವಿನ ಪ ವರೆಗೆ ಓಡಾಡುತ್ತದೆ. ಜನಪದದ ನಡೆಗೆ ಹತ್ತಿರ ಅಂತ ಸಂಗೀತ ಬಲ್ಲವರು ಹೇಳುವ ರಾಗಗಳು ಇವು. ಇವುಗಳಲ್ಲಿ ಸ ಇರುವುದು ನಡುಮಧ್ಯೆ.

ವಾದ್ಯದ ಸದ್ದನ್ನೇ ಶ್ರುತಿ ಅಂತ ಹಿಡಿಯುವುದು. ನಮ್ಮ ಯಲ್ಲಮ್ಮನ ಹಾಡಿನವರ ಚೌಡಿಕೆಯ ತಂತಿ ಬಿಗಿ ಮಾಡಿದಂತೆ ಏರುತ್ತದೆ, ಸಡಿಲ ಬಿಟ್ಟಂತೆ ಇಳಿಯುತ್ತದೆ. ಅದರಿಂದ ಸ ಹಿಡಿಯಲು ಹೋದರೆ ಸಿಗುವುದಿಲ್ಲ. ಪಕ್ಕದಲ್ಲಿ ಒಂದೇ ಸಮ ಮಿಡಿಯುವ ಶ್ರುತಿಯ ತಂತಿ ಇದ್ದರೆ ಅದನ್ನು ಕೇಳಿ.

ಹಂತ 3: ರೆಕಾರ್ಡಿಂಗನ್ನು ನಿಮ್ಮ ಶ್ರುತಿಗೆ ತನ್ನಿ

ಹಾಡಿನ ಸ ಕಪ್ಪು ಒಂದಕ್ಕೂ ಬಿಳಿ ಎರಡಕ್ಕೂ ನಡುವೆ ಎಲ್ಲೋ ಇರುತ್ತದೆ. ಇದು ಮಾಮೂಲು. ಹಳೆಯ ರೆಕಾರ್ಡಿಂಗುಗಳಲ್ಲಂತೂ ಯಂತ್ರದ ವೇಗವೇ ಸರಿ ಇರುವುದಿಲ್ಲ. ಕೀಬೋರ್ಡಿನಲ್ಲಿ ಟ್ಯೂನಿಂಗ್ ಬದಲಿಸುವ ಸೌಲಭ್ಯ ಇದ್ದರೆ ಅದನ್ನೇ ಹಾಡಿಗೆ ಹೊಂದಿಸಿ. ಹಾರ್ಮೋನಿಯಂ ಇದ್ದವರು ಅಡಾಸಿಟಿಯಲ್ಲಿ ಹಾಡಿನ ಶ್ರುತಿಯನ್ನು ಹತ್ತಿರದ ಮನೆಗೆ ತಂದು ಬೇರೆ ಹೆಸರಿನಲ್ಲಿ ಉಳಿಸಿಕೊಳ್ಳಿ. ಮೂಲ ಫೈಲ್ ಹಾಗೇ ಇರಲಿ.

ಹಂತ 4: ನಿಧಾನ ಮಾಡಿ, ನಿಲ್ಲುವ ಸ್ವರಗಳನ್ನು ಬರೆದುಕೊಳ್ಳಿ

ವೇಗವನ್ನು ಅರ್ಧಕ್ಕೆ ಇಳಿಸಿ. ಯೂಟ್ಯೂಬಿನಲ್ಲಿ 0.5 ಅಂತ ಆರಿಸಿದರೆ ವೇಗ ಮಾತ್ರ ಇಳಿಯುತ್ತದೆ, ಶ್ರುತಿ ಇಳಿಯುವುದಿಲ್ಲ. ಒಂದೇ ಒಂದು ಸಾಲನ್ನು ತೆಗೆದುಕೊಳ್ಳಿ. ಮೊದಲು ಧ್ವನಿ ನಿಲ್ಲುವ ಸ್ವರಗಳನ್ನು ಮಾತ್ರ ಬರೆಯಿರಿ. ನಡುವೆ ಜಾರಿಹೋಗುವ, ತಟ್ಟಿಹೋಗುವ ಸ್ವರಗಳನ್ನು ಆಮೇಲೆ ಆವರಣದೊಳಗೆ ಸೇರಿಸಿ.

ಒಂದು ಹಾಡನ್ನು ಇಲ್ಲೇ ಬಿಡಿಸಿ ನೋಡೋಣ. ಸ್ಕಾಟ್ಲೆಂಡಿನ ಆಲ್ಡ್ ಲ್ಯಾಂಗ್ ಸೈನ್, ಹೊಸ ವರ್ಷದ ರಾತ್ರಿ ಎಷ್ಟೋ ದೇಶಗಳಲ್ಲಿ ಹಾಡುವ ಹಾಡು. ಕೆಳಗಿನ ಸ್ಥಾಯಿಯ ಸ್ವರಕ್ಕೆ ಮುಂದೆ ಚುಕ್ಕೆ ಇಟ್ಟಿದ್ದೇನೆ. ಇಲ್ಲಿ ಬರುವ ರಿ, ಗ, ದ ಅಂದರೆ ರಿ2, ಗ3, ದ2.

.ಪ | ಸ ಸ ಸ ಗ | ರಿ ಸ ರಿ ಗ | ಸ ಸ ಗ ಪ | ದ
ದ | ಪ ಗ ಗ ಸ | ರಿ ಸ ರಿ ಗ | ಸ .ದ .ದ .ಪ | ಸ

ಹಾರ್ಮೋನಿಯಂ ಮೇಲೆ ನುಡಿಸಿ, ತಕ್ಷಣ ಗುರುತು ಸಿಗುತ್ತದೆ. ಎಣಿಸಿದರೆ ಸ, ರಿ2, ಗ3, ಪ, ದ2. ಐದೇ ಸ್ವರ. ಮ ಇಲ್ಲ, ನಿ ಇಲ್ಲ. ಕರ್ನಾಟಕದವರಿಗೆ ಇದು ಮೋಹನದ ಸಾಲು, ಹಿಂದುಸ್ತಾನಿಯವರಿಗೆ ಭೂಪ್. ಹಾಡು ಎದ್ದದ್ದು ಕೆಳಗಿನ ಪ ದಿಂದ, ಮುಗಿದದ್ದು ಸ ದಲ್ಲಿ ಅನ್ನುವುದನ್ನೂ ಗಮನಿಸಿ. ಮೊದಲ ಸ್ವರವನ್ನೇ ಸ ಅಂತ ಹಿಡಿದಿದ್ದರೆ ಇಡೀ ಲೆಕ್ಕ ತಲೆಕೆಳಗಾಗುತ್ತಿತ್ತು.

ಕೆಲವು ಮುದ್ರಿತ ಪ್ರತಿಗಳಲ್ಲಿ ಮೊದಲ ಸಾಲಿನ ಎರಡನೆಯ ಸ ಇರುವ ಕಡೆ ಒಂದು ನಿ3 ಸಿಗುತ್ತದೆ. ಸ ಗೆ ಒರಗಿಕೊಂಡು ಬರುವ ಸಣ್ಣ ಸ್ವರ ಅದು. ಇಂಥದ್ದನ್ನು ಕಂಡ ಕೂಡಲೇ ಆರನೆಯ ಸ್ವರ ಅಂತ ಪಟ್ಟಿಗೆ ಸೇರಿಸಬೇಡಿ. ಅದರ ಮೇಲೆ ಹಾಡು ಎಲ್ಲಾದರೂ ನಿಲ್ಲುತ್ತದಾ, ಬೇರೆ ಸಾಲಿನಲ್ಲೂ ಬರುತ್ತದಾ, ಬೇರೆಯವರು ಹಾಡಿದಾಗಲೂ ಇರುತ್ತದಾ ಅಂತ ನೋಡಿ. ಮೂರಕ್ಕೂ ಇಲ್ಲ ಅಂತ ಬಂದರೆ ಆವರಣದಲ್ಲೇ ಇರಲಿ.

ಇದೇ ಧಾಟಿಯನ್ನು 1880ರ ದಶಕದ ಆರಂಭದಲ್ಲಿ ಜಪಾನಿನವರು ತಮ್ಮ ಶಾಲಾ ಹಾಡುಗಳ ಪುಸ್ತಕಕ್ಕೆ ಸೇರಿಸಿಕೊಂಡರು. ಈಗಲೂ ಅಲ್ಲಿ ಬೀಳ್ಕೊಡುಗೆಯ ಹೊತ್ತಿಗೆ ಅದು ಕೇಳಿಸುತ್ತದೆ. ಮ ಮತ್ತು ನಿ ಬಿಟ್ಟ ಐದು ಸ್ವರದ ಹಾಡು ಆ ಕಿವಿಗಳಿಗೆ ಹೊಸದೆನಿಸಲಿಲ್ಲ ಅನ್ನುವುದರಲ್ಲಿ ಆಶ್ಚರ್ಯವಿಲ್ಲ ಅಲ್ವಾ?

ಹಂತ 5: ಸ್ವರಗಳನ್ನು ಜೋಡಿಸಿ, ನಡುವಿನ ಮನೆಗಳನ್ನು ಎಣಿಸಿ

ಸಿಕ್ಕ ಸ್ವರಗಳನ್ನು ಸ ದಿಂದ ಮೇಲಕ್ಕೆ ಬರೆಯಿರಿ. ಒಂದರಿಂದ ಇನ್ನೊಂದಕ್ಕೆ ಎಷ್ಟು ಮನೆ ಅಂತ ಎಣಿಸಿ. ಮೋಹನಕ್ಕೆ ಇದು 2, 2, 3, 2, 3. ಒಟ್ಟು 12 ಬರಬೇಕು. ಬರದಿದ್ದರೆ ಎಣಿಕೆ ತಪ್ಪಿದೆ. ಹಾಡು ಎಷ್ಟು ಎತ್ತರ, ಎಷ್ಟು ಆಳ ಹೋಗುತ್ತದೆ ಅನ್ನುವುದನ್ನೂ ಪಕ್ಕದಲ್ಲಿ ಬರೆಯಿರಿ.

ನಮ್ಮ ಬೀಸುವ ಪದ, ಸೋಬಾನೆ ಪದಗಳಲ್ಲಿ ಎಷ್ಟೋ ಹಾಡು ನಾಲ್ಕೈದು ಸ್ವರಗಳ ಒಳಗೇ ಮುಗಿಯುತ್ತವೆ. ಪ ಮೇಲೆ ಏನೂ ಇರುವುದೇ ಇಲ್ಲ. ಆಗ ಮೇಲಿನ ದ, ನಿ ಯಾವುದು ಅಂತ ಊಹೆ ಮಾಡಿ ತುಂಬಬೇಡಿ. ಹಾಡಿನಲ್ಲಿ ಇಲ್ಲದ ಸ್ವರಕ್ಕೆ ಪಟ್ಟಿಯಲ್ಲಿ ಜಾಗವಿಲ್ಲ. "ಸ ರಿ2 ಗ2 ಮ1 ಪ, ಅಷ್ಟೇ" ಅಂತ ಬರೆದರೆ ಅದು ಪೂರ್ತಿಯಾದ ಉತ್ತರವೇ. ಇದನ್ನು ಖರಹರಪ್ರಿಯ ಅಂತ ಕರೆದರೆ ಹಾಡಿನಲ್ಲಿ ಇಲ್ಲದ ಎರಡು ಸ್ವರವನ್ನು ನಾವೇ ಸೇರಿಸಿದಂತೆ.

ಹಂತ 6: ಕಪ್ಪು ಮನೆಗಳ ಅಭ್ಯಾಸ

ಈ ಅಭ್ಯಾಸ ಮಾಡಿದವರಿಗೆ ಶುರುವಿನಲ್ಲಿ ಹೇಳಿದ ಚೀನಾದ ಪ್ರಶ್ನೆಗೆ ಉತ್ತರ ತಾನಾಗಿ ಸಿಗುತ್ತದೆ. ಕಪ್ಪು ಮನೆಗಳನ್ನು ಮಾತ್ರ ನುಡಿಸಿ. ಪ್ರತಿ ಸಲ ತಂಬೂರಿಯ ಶ್ರುತಿ ಬದಲಿಸಿಕೊಳ್ಳಿ. ಮನೆಗಳು ಅವೇ ಐದು, ಆದರೆ ಸ ಬದಲಾದಂತೆ ಕೇಳುವುದೆಲ್ಲ ಬದಲಾಗುತ್ತದೆ.

ಕಪ್ಪು ಮೂರನ್ನು ಸ ಮಾಡಿಕೊಂಡರೆ ಮೋಹನ: ಸ ರಿ2 ಗ3 ಪ ದ2.
ಕಪ್ಪು ನಾಲ್ಕನ್ನು ಮಾಡಿಕೊಂಡರೆ ಮಧ್ಯಮಾವತಿ: ಸ ರಿ2 ಮ1 ಪ ನಿ2.
ಕಪ್ಪು ಐದಾದರೆ ಹಿಂದೋಳ, ಹಿಂದುಸ್ತಾನಿಯ ಮಾಲಕೌಂಸ್: ಸ ಗ2 ಮ1 ದ1 ನಿ2.
ಕಪ್ಪು ಒಂದಾದರೆ ಶುದ್ಧ ಸಾವೇರಿ, ಹಿಂದುಸ್ತಾನಿಯ ದುರ್ಗಾ: ಸ ರಿ2 ಮ1 ಪ ದ2.
ಕಪ್ಪು ಎರಡಾದರೆ ಶುದ್ಧ ಧನ್ಯಾಸಿ, ಹಿಂದುಸ್ತಾನಿಯ ಧಾನಿ: ಸ ಗ2 ಮ1 ಪ ನಿ2.

ಕರ್ನಾಟಕ ಸಂಗೀತದಲ್ಲಿ ಇದಕ್ಕೆ ಗ್ರಹಭೇದ ಅಂತ ಹೆಸರು. ಅಂದರೆ ಸ್ವರಗಳನ್ನು ಹಾಗೇ ಇಟ್ಟು ಸ ವನ್ನು ಮಾತ್ರ ಬೇರೆ ಕಡೆ ಕೂರಿಸುವುದು. ಚೀನಾದವರ ಹಳೆಯ ಐದು ಸಾಲುಗಳಾದ ಗೊಂಗ್, ಶಾಂಗ್, ಜುಯೆ, ಝ್ರ್, ಯೂ ಇದೇ ಕ್ರಮದಲ್ಲಿ ಈ ಐದಕ್ಕೆ ಸರಿಹೊಂದುತ್ತವೆ. ಗೊಂಗ್ ಅಂದರೆ ಮೋಹನದ ಸಾಲು. "ಚೀನಾ ಸಂಗೀತ ಅಂದರೆ ಮೋಹನ" ಅನ್ನುವ ಮಾತು ಎಷ್ಟು ಅರ್ಧ ಸತ್ಯ ಅಂತ ಇಲ್ಲೇ ಗೊತ್ತಾಗುತ್ತದೆ. ಉಳಿದ ನಾಲ್ಕೂ ಅವರದ್ದೇ.

ಹಂಗೇರಿಯ ಹಳೆಯ ಹಳ್ಳಿ ಹಾಡುಗಳಲ್ಲಿ ಹೆಚ್ಚಾಗಿ ಸಿಗುವುದು ಕಪ್ಪು ಎರಡರ ಸಾಲು, ಶುದ್ಧ ಧನ್ಯಾಸಿಯ ಸ್ವರಗಳು. ಅಲ್ಲಿನ ಸಂಗೀತ ರಚನಕಾರರಾದ ಬೇಲಾ ಬಾರ್ತೋಕ್ ಮತ್ತು ಜೋಲ್ತಾನ್ ಕೊಡಾಯ್ 1905ರ ಸುಮಾರಿನಿಂದ ಹಳ್ಳಿ ಹಳ್ಳಿ ಸುತ್ತಿ, ಮೇಣದ ಸಿಲಿಂಡರಿನ ಫೋನೋಗ್ರಾಫ್ ಹೊತ್ತುಕೊಂಡು ಹೋಗಿ ಇವನ್ನು ಮುದ್ರಿಸಿಕೊಂಡರು. ಆಗ ಪೇಟೆಯ ಜನ ಹಂಗೇರಿಯ ಸಂಗೀತ ಅಂತ ತಿಳಿದಿದ್ದದ್ದು ಹೋಟೆಲುಗಳಲ್ಲಿ ಪಿಟೀಲಿನವರು ನುಡಿಸುತ್ತಿದ್ದ ಧಾಟಿಗಳನ್ನು. ರೈತರ ಬಾಯಲ್ಲಿ ಕೇಳಿದ್ದೇ ಬೇರೆ. ಹಾಡು ಮೇಲಿನಿಂದ ಶುರುವಾಗಿ ಇಳಿಯುತ್ತಾ ಬರುತ್ತದೆ. ಎಷ್ಟೋ ಹಾಡುಗಳಲ್ಲಿ ಮೊದಲರ್ಧವನ್ನೇ ಎರಡನೆಯ ಅರ್ಧದಲ್ಲಿ ಐದು ಸ್ವರ ಕೆಳಗೆ, ಅಂದರೆ ಪ ದಲ್ಲಿ ಇದ್ದದ್ದನ್ನು ಸ ಕ್ಕೆ ಇಳಿಸಿ, ಮತ್ತೆ ಹಾಡುತ್ತಾರೆ. ವೋಲ್ಗಾ ನದಿಯ ಕಡೆಯ ಮಾರಿ, ಚುವಾಶ್ ಜನರ ಹಾಡುಗಳಲ್ಲೂ ಈ ಕ್ರಮ ಇರುವುದನ್ನು ಕೊಡಾಯ್ ತೋರಿಸಿಕೊಟ್ಟರು. ಹಾಗಾಗಿ ಹಂಗೇರಿಯ ಹಾಡಿನಲ್ಲಿ ಸ ಹುಡುಕುವಾಗ ಕೊನೆಯ ಸಾಲಿಗೆ ಜಾಸ್ತಿ ಕಿವಿ ಕೊಡಿ. ಮೊದಲ ಸಾಲನ್ನೇ ಹಿಡಿದರೆ ಪ ವನ್ನು ಸ ಅಂತ ತಿಳಿಯುವ ಅಪಾಯ ಇದೆ.

ಒಂದಕ್ಕೊಂದು ಸಂಬಂಧವೇ ಇಲ್ಲದ ಇಷ್ಟೊಂದು ಕಡೆ ಇದೇ ಐದು ಸ್ವರ ಏಕೆ? ಒಂದು ಕಾರಣವನ್ನು ನೀವೇ ನುಡಿಸಿ ನೋಡಬಹುದು. ಸ ದಿಂದ ಪ, ಆ ಪ ವನ್ನೇ ಸ ಅಂತ ಇಟ್ಟುಕೊಂಡು ಅದರ ಪ, ಹೀಗೆ ಮುಂದುವರಿಸಿ. ಸ, ಪ, ರಿ2, ದ2, ಗ3 ಸಿಗುತ್ತವೆ. ಒಂದು ಸ್ಥಾಯಿಯೊಳಗೆ ಜೋಡಿಸಿದರೆ ಮೋಹನ. ತಂತಿಯನ್ನು ಕಿವಿಯಿಂದಲೇ ಶ್ರುತಿ ಮಾಡುವವರಿಗೆ ಸ ಮತ್ತು ಪ ಹೊಂದಿಕೆಯೇ ಸುಲಭದ್ದು. ಜೊತೆಗೆ, ಈ ಸಾಲಿನಲ್ಲಿ ಪಕ್ಕಪಕ್ಕದ ಮನೆಗಳು ಇಲ್ಲ. ಹತ್ತು ಜನ ಸೇರಿ ಹಾಡಿದರೂ ಸ್ವರಕ್ಕೆ ಸ್ವರ ತಿಕ್ಕುವುದಿಲ್ಲ. ಆದರೆ ಜಗತ್ತಿನ ಎಲ್ಲ ಜನಪದ ಹಾಡೂ ಹೀಗೇ ಅಂತ ತಿಳಿಯಬೇಡಿ. ಅದಕ್ಕೇ ಮುಂದಿನ ಹಂತ.

ಹಂತ 7: ಪಕ್ಕಪಕ್ಕದ ಮನೆಗಳಿರುವ ಸಾಲುಗಳು

ಇಥಿಯೋಪಿಯಾದಲ್ಲಿ ಒಂಟಿ ತಂತಿಯ ಮಸಿಂಕೋ ಪಿಟೀಲು ಹಿಡಿದು ಹಾಡುವ ಅಜ್ಮಾರಿಗಳು ಇದ್ದಾರೆ. ಕ್ರಾರ್ ಅನ್ನುವ ಐದಾರು ತಂತಿಯ ವಾದ್ಯವೂ ಅವರಲ್ಲಿದೆ. ಹಾಡಿಗೆ ತಕ್ಕಂತೆ ಅದರ ತಂತಿಗಳನ್ನೇ ಬೇರೆ ಶ್ರುತಿಗೆ ತಿರುಗಿಸುತ್ತಾರೆ. ಅವರ ಮುಖ್ಯ ಸಾಲುಗಳು ನಾಲ್ಕು: ತಿಜಿತಾ, ಬಾತಿ, ಅಂಬಾಸೆಲ್, ಅಂಚಿಹೋಯೆ. ತಿಜಿತಾದ ಒಂದು ರೂಪ ನಮ್ಮ ಮೋಹನದ ಸಾಲೇ. ಇನ್ನೊಂದು ರೂಪದಲ್ಲಿ ಗ ಮತ್ತು ದ ಒಂದೊಂದು ಮನೆ ಇಳಿಯುತ್ತವೆ: ಸ ರಿ2 ಗ2 ಪ ದ1. ನುಡಿಸಿ ನೋಡಿ, ಒಂದು ಮನೆ ಇಳಿದದ್ದಕ್ಕೆ ಹಾಡಿನ ಭಾವವೇ ಬೇರೆ ಆಗುತ್ತದೆ. ಅಂಬಾಸೆಲ್ ಸ ರಿ1 ಮ1 ಪ ದ1, ಹಿಂದುಸ್ತಾನಿಯವರ ಗುಣಕ್ರಿಯ ಸ್ವರಗಳು.

ಇದೇ ಸ ರಿ1 ಮ1 ಪ ದ1 ಜಪಾನಿನ ಪಟ್ಟಣದ ಹಾಡುಗಳಲ್ಲಿ, ಕೊತೊ ಮತ್ತು ಶಾಮಿಸೆನ್ ವಾದ್ಯಗಳ ನುಡಿಸಾಣಿಕೆಯಲ್ಲಿ ಸಿಗುತ್ತದೆ. ಅಲ್ಲಿ ಅದರ ಹೆಸರು ಮಿಯಾಕೊ ಬುಶಿ. ಅಲ್ಲಿನ ಹಳ್ಳಿ ಹಾಡುಗಳಲ್ಲಿ ಹೆಚ್ಚಾಗಿ ಇರುವುದು ಮಿನ್ಯೊ ಸಾಲು, ಅದು ಶುದ್ಧ ಧನ್ಯಾಸಿ. ದಕ್ಷಿಣದ ಒಕಿನಾವಾ ದ್ವೀಪಗಳಿಗೆ ಹೋದರೆ ಸಾನ್ಶಿನ್ ಅನ್ನುವ ಮೂರು ತಂತಿಯ ವಾದ್ಯದ ಜೊತೆ ಸ ಗ3 ಮ1 ಪ ನಿ3 ಕೇಳಿಸುತ್ತದೆ. ನಾಗಸ್ವರದವರು ನುಡಿಸುವ ಗಂಭೀರನಾಟದ ಸಾಲು. ಕೆಲವು ಹಾಡುಗಳಲ್ಲಿ ರಿ2 ಕೂಡ ಸೇರುತ್ತದೆ.

ಸ ರಿ1 ಗ3 ಮ1 ಪ ದ1 ನಿ2, ಅಂದರೆ ವಕುಳಾಭರಣ, ಹಿಂದುಸ್ತಾನಿಯ ಬಸಂತ್ ಮುಖಾರಿ. ಇದು ಅರಬರ ಹಿಜಾಜ್ ಅನ್ನುವ ಸಾಲಿನಲ್ಲಿ, ಪೂರ್ವ ಯುರೋಪಿನ ಯಹೂದಿಗಳ ಮದುವೆ ಸಂಗೀತದಲ್ಲಿ, ಸ್ಪೇನಿನ ಫ್ಲಾಮೆಂಕೊದಲ್ಲಿ ಸಿಗುತ್ತದೆ. ರಿ1 ರಿಂದ ಗ3 ಕ್ಕೆ ಇರುವ ಮೂರು ಮನೆಯ ಜಿಗಿತವೇ ಇದರ ಗುರುತು. ಆ ಜಿಗಿತ ಕೇಳಿಸಿದ ಕೂಡಲೇ "ಅರಬ್ ಸಂಗೀತ" ಅಂತ ತೀರ್ಮಾನಿಸಬೇಡಿ. ನಮ್ಮಲ್ಲಿ ಸಂಗೀತ ಕಲಿಯುವ ಮಕ್ಕಳು ಮೊದಲ ದಿನ ಹಾಡುವ ಮಾಯಾಮಾಳವಗೌಳದಲ್ಲೂ ಅದೇ ಜಿಗಿತ ಇದೆ.

ಇಲ್ಲಿ ಒಂದು ಎಚ್ಚರಿಕೆ. ಸ್ವರಗಳು ಒಂದೇ ಅಂದ ಮಾತ್ರಕ್ಕೆ ಸಂಗೀತ ಒಂದೇ ಆಗುವುದಿಲ್ಲ, ಒಬ್ಬರಿಂದ ಇನ್ನೊಬ್ಬರಿಗೆ ಹೋಯಿತು ಅಂತಲೂ ಆಗುವುದಿಲ್ಲ. "ಜಪಾನಿಗೆ ಗುಣಕ್ರಿ ಇಲ್ಲಿಂದಲೇ ಹೋದದ್ದು" ಎಂಬಂಥ ಮಾತುಗಳು ವಾಟ್ಸಾಪಿನಲ್ಲಿ ಓಡಾಡುತ್ತವೆ. ಐದು ಸ್ವರ ಹೊಂದಿದ್ದೊಂದೇ ಅದಕ್ಕೆ ಆಧಾರವಾಗಲಾರದು.

ಹಂತ 8: ಮನೆಗಳ ನಡುವೆ ಇರುವ ಸ್ವರಗಳನ್ನು ಅಳೆಯಿರಿ

ಎಷ್ಟು ಪ್ರಯತ್ನಿಸಿದರೂ ಒಂದು ಸ್ವರ ಯಾವ ಮನೆಗೂ ಕೂರುತ್ತಿಲ್ಲ. ಗ2 ಒತ್ತಿದರೆ ಕಡಿಮೆ, ಗ3 ಒತ್ತಿದರೆ ಜಾಸ್ತಿ. ಹಾಡಿದವರ ಶ್ರುತಿ ತಪ್ಪಿದೆ ಅಂತ ನಿರ್ಧರಿಸುವ ಮೊದಲು ಟ್ಯೂನರ್ ತೆಗೆಯಿರಿ. ಪ್ರತಿ ನುಡಿಯಲ್ಲೂ ಆ ಸ್ವರ ಅಲ್ಲೇ ಬಂದು ನಿಲ್ಲುತ್ತಿದ್ದರೆ ಅದು ತಪ್ಪಲ್ಲ. ಆ ಸಂಗೀತದಲ್ಲಿ ಆ ಸ್ವರದ ಜಾಗವೇ ಅದು.

ಅಳೆಯುವ ಲೆಕ್ಕ ಹೀಗೆ. ಸ ವನ್ನು ಟ್ಯೂನರಿಗೆ ಕೇಳಿಸಿ. ಕಪ್ಪು ಒಂದಕ್ಕಿಂತ 20 ಸೆಂಟ್ ಹೆಚ್ಚು ಅಂತ ತೋರಿಸಿತು ಅಂತಿಟ್ಟುಕೊಳ್ಳಿ. ಈಗ ಅನುಮಾನದ ಸ್ವರ ಕೇಳಿಸಿ. ಬಿಳಿ ನಾಲ್ಕಕ್ಕಿಂತ 30 ಸೆಂಟ್ ಕಡಿಮೆ ಅಂತ ತೋರಿಸಿತು. ಕಪ್ಪು ಒಂದರಿಂದ ಬಿಳಿ ನಾಲ್ಕಕ್ಕೆ ನಾಲ್ಕು ಮನೆ, ಅಂದರೆ 400. ಅದರಲ್ಲಿ 30 ಕಳೆಯಿರಿ, ಸ ಹೆಚ್ಚಿದ್ದ 20 ನ್ನೂ ಕಳೆಯಿರಿ. ಉಳಿದದ್ದು 350. ಗ2 300, ಗ3 400. ನಮ್ಮ ಸ್ವರ ಸರಿಯಾಗಿ ನಡುವೆ ಇದೆ.

ಟ್ಯೂನರ್ ತೋರಿಸಿದ ಸಂಖ್ಯೆಯನ್ನೇ ಉತ್ತರ ಅಂತ ಬರೆದುಬಿಡುವುದು ಇಲ್ಲಿ ಎಲ್ಲರೂ ಎಡವುವ ಜಾಗ. ಅದು ತೋರಿಸುವುದು ತನ್ನ ಮನೆಗಳಿಂದ ಎಷ್ಟು ದೂರ ಅಂತ. ನಮಗೆ ಬೇಕಾದದ್ದು ಹಾಡಿನ ಸ ದಿಂದ ಎಷ್ಟು ದೂರ ಅಂತ. ಒಂದೇ ಸಲ ಅಳೆದು ಬಿಡಬೇಡಿ. ಐದಾರು ಕಡೆ ಅಳೆದು ನೋಡಿ. ಧ್ವನಿಯಲ್ಲಿ ಹತ್ತು ಹದಿನೈದು ಸೆಂಟ್ ಆಚೀಚೆ ಸಹಜ.

ಈ 350ರ ಆಸುಪಾಸಿನ ಗಾಂಧಾರವೇ ಅರಬ್ ಸಂಗೀತದ ರಾಸ್ತ್ ಮಕಾಮಿನ ಜೀವಾಳ. ಮಕಾಮ್ ಅಂದರೆ ಅವರಲ್ಲಿ ರಾಗಕ್ಕೆ ಹತ್ತಿರದ ಕಲ್ಪನೆ. ಬಯಾತಿ ಮಕಾಮಿನಲ್ಲಿ ರಿಷಭ ಹೀಗೆ ರಿ1, ರಿ2 ನಡುವೆ ಇರುತ್ತದೆ. 1932ರಲ್ಲಿ ಕೈರೋದಲ್ಲಿ ಅರಬ್ ಸಂಗೀತದ ದೊಡ್ಡ ಸಮ್ಮೇಳನ ನಡೆದಾಗ ಈ ನಡುವಿನ ಸ್ವರಗಳನ್ನು ಹೇಗೆ ಅಳೆಯಬೇಕು, ಪಿಯಾನೋದಂಥ ವಾದ್ಯಗಳನ್ನು ಸೇರಿಸಿಕೊಳ್ಳಬೇಕೇ ಬೇಡವೇ ಅಂತ ಚರ್ಚೆಯೇ ನಡೆಯಿತು. ಬಾರ್ತೋಕ್ ಕೂಡ ಆ ಸಮ್ಮೇಳನಕ್ಕೆ ಹೋಗಿದ್ದರು. ಸ್ಥಾಯಿಯನ್ನು 24 ಸಮಭಾಗ ಮಾಡಿದ ಲೆಕ್ಕ ಪುಸ್ತಕದಲ್ಲಿ ಸಿಗುತ್ತದೆ. ಆದರೆ ಹಾಡುವವರು ಆ ಗಾಂಧಾರವನ್ನು ಇಡುವ ಜಾಗ ಊರಿಂದ ಊರಿಗೆ ಸ್ವಲ್ಪ ಬದಲಾಗುತ್ತದೆ.

ಜಾವಾದ ಗಮೆಲಾನ್ ಇನ್ನೂ ದೂರ ಹೋಗುತ್ತದೆ. ಕಂಚಿನ ಜಾಗಟೆ, ಪಟ್ಟಿಗಳಿಂದ ಕೂಡಿದ ಈ ವಾದ್ಯಮೇಳ ತೊಗಲುಗೊಂಬೆಯಾಟಕ್ಕೂ ಬೇಕು, ಅರಮನೆಗೂ ಬೇಕು. ಅಲ್ಲಿ ಎರಡು ಸಾಲು: ಸ್ಲೆಂದ್ರೊ, ಪೆಲೊಗ್. ಸ್ಲೆಂದ್ರೊದಲ್ಲಿ ಐದು ಸ್ವರ ಹೆಚ್ಚುಕಡಿಮೆ ಸಮದೂರದಲ್ಲಿ ಇರುತ್ತವೆ. 1200 ನ್ನು ಐದರಿಂದ ಭಾಗಿಸಿದರೆ 240. ಅದು ರಿ2 ಅಲ್ಲ, ಗ2 ಅಲ್ಲ. ಮೊದಲ ಸಲ ಕೇಳಿದಾಗ ನಮ್ಮ ಕಿವಿ ಅದನ್ನು ಮೋಹನ ಅಂತಲೋ ಮಧ್ಯಮಾವತಿ ಅಂತಲೋ ಹಿಡಿದುಕೊಳ್ಳುತ್ತದೆ. ತಂಬೂರಿ ಹಾಕಿದರೆ ಎರಡೂ ಅಲ್ಲ ಅಂತ ಗೊತ್ತಾಗುತ್ತದೆ. ಪೆಲೊಗ್‌ನಲ್ಲಿ ಏಳು ಸ್ವರ, ಅಂತರಗಳು ಒಂದು ಚಿಕ್ಕದು, ಒಂದು ದೊಡ್ಡದು. ಒಂದು ಮೇಳದ ವಾದ್ಯಗಳನ್ನೆಲ್ಲ ಒಟ್ಟಿಗೆ ಶ್ರುತಿ ಮಾಡುತ್ತಾರೆ. ಪಕ್ಕದ ಊರಿನ ಮೇಳದ ಶ್ರುತಿ ಬೇರೆ. ಅಲ್ಲಿಯ ಜಾಗಟೆ ತಂದು ಇಲ್ಲಿ ನುಡಿಸಲಾಗದು. ಹಾಗಾಗಿ "ಸ್ಲೆಂದ್ರೊದ ಸರಿಯಾದ ಸೆಂಟ್ ಎಷ್ಟು?" ಅನ್ನುವ ಪ್ರಶ್ನೆಗೆ ಉತ್ತರ ಬೇಕಾದರೆ ಯಾವ ಮೇಳ ಅಂತ ಮೊದಲು ಹೇಳಬೇಕು.

ಹಂತ 9: ಬರೆದಿಡುವ ಕ್ರಮ

ಹಾಡಿಗೊಂದು ಪುಟ ಇಡಿ. ಮೇಲೆ ಹಾಡಿನ ಮೊದಲ ಸಾಲು, ಹಾಡಿದವರ ಹೆಸರು, ಊರು, ಯಾವ ಸಂದರ್ಭದ ಹಾಡು ಅಂತ ಬರೆಯಿರಿ. ಆಮೇಲೆ ಸ ಯಾವ ಮನೆ, ಎಷ್ಟು ಸೆಂಟ್ ಆಚೀಚೆ. ನಿಲ್ಲುವ ಸ್ವರಗಳು. ಆವರಣದಲ್ಲಿ ತಟ್ಟಿಹೋಗುವ ಸ್ವರಗಳು. ಅತಿ ಕೆಳಗಿನದು, ಅತಿ ಮೇಲಿನದು. ಮನೆಗೆ ಕೂರದ ಸ್ವರ ಇದ್ದರೆ ಅದರ ಅಳತೆ. ಕಡೆಯಲ್ಲಿ ಬೇಕಿದ್ದರೆ "ಇಂಥ ರಾಗದ ಸ್ವರಗಳಿಗೆ ಹತ್ತಿರ" ಅಂತ ಒಂದು ಸಾಲು. "ರಾಗ: ಇಂಥದ್ದು" ಅಂತ ಬರೆಯಬೇಡಿ.

ಇಷ್ಟು ಮಾಡಿದ ಮೇಲೆ ಕೆಲವರು ಮುಂದಿನ ಪ್ರಶ್ನೆ ಕೇಳುತ್ತಾರೆ: ವೇದಿಕೆಯಲ್ಲಿ ಆ ಹಾಡುಗಾರರಿಗೆ ನಾನು ಹಾರ್ಮೋನಿಯಂ ಸಾಥ್ ಕೊಡಬಹುದಾ? ನಿಮ್ಮ ಪುಟದಲ್ಲಿ ಎಲ್ಲ ಸ್ವರವೂ ಮನೆಗೆ ಕೂತಿದ್ದರೆ ಧಾರಾಳವಾಗಿ ಕೊಡಿ. ಒಂದು ಸ್ವರ 340, 350 ಅಂತ ಇದ್ದರೆ ಆ ಜಾಗ ಬಂದಾಗ ಕೈ ಎತ್ತಿಬಿಡಿ, ಸ ಮತ್ತು ಪ ಮಾತ್ರ ಹಿಡಿದಿರಿ. ನೀವು ಗ3 ಒತ್ತುತ್ತಾ ಹೋದರೆ ಹಾಡುವವರು ನಾಲ್ಕು ಕಾರ್ಯಕ್ರಮ ಮುಗಿಯುವಷ್ಟರಲ್ಲಿ ಆ ಗ3 ಗೇ ಹೊಂದಿಕೊಂಡುಬಿಡುತ್ತಾರೆ. ಹಾರ್ಮೋನಿಯಂ ಮೇಲಿನ ಇಂಥ ದೂರುಗಳಿಂದಲೇ ಆಕಾಶವಾಣಿ 1940ರಲ್ಲಿ ಅದನ್ನು ಪೂರ್ತಿಯಾಗಿ ಹೊರಗಿಟ್ಟಿತ್ತು, ಎಪ್ಪತ್ತರ ದಶಕದವರೆಗೂ ಒಳಗೆ ಬಿಟ್ಟುಕೊಳ್ಳಲಿಲ್ಲ. ಅಷ್ಟು ದೂರ ಹೋಗಬೇಕು ಅಂತ ನಾನು ಹೇಳುವುದಿಲ್ಲ. ಯಾವ ಮನೆಯನ್ನು ಮುಟ್ಟಬಾರದು ಅಂತ ಕಾರ್ಯಕ್ರಮಕ್ಕೆ ಮೊದಲು ನಿಮ್ಮ ಪುಟ ನೋಡಿಕೊಂಡು ಪೆನ್ಸಿಲಿನಲ್ಲಿ ಗುರುತು ಹಾಕಿಟ್ಟುಕೊಂಡರೆ ಸಾಕು.